ಹಸಿರು ಚೀಟಿ ಕಟ್ಟಿದ ಬಾಣಲೆ

ಈ ದಿನ ಬೆಳಿಗ್ಗೆ ನಾಗಸಂದ್ರದಲ್ಲಿ, ಮೆಟ್ರೊ ಇಳಿದು ನಮ್ಮ ಮನೆಗೆ ತಿರುಗುವ ಮೂಲೆಯ ಬೇಕರಿಯ ಮುಂದೆ, ನಾನು ನಗೆಪಾಟಲಾಗಿ ಬಂದೆ. ಆಗತಾನೆ ಪಫ್ಸಿನ ತಟ್ಟೆ ಹೊರಗೆ ಬಂದಿತ್ತು. ಬೆಂದ ಹಿಟ್ಟಿನ ವಾಸನೆ, ಅದರ ಬೆನ್ನಿಗೇ ಬೆಣ್ಣೆಯ ವೇಷ ಹಾಕಿಕೊಂಡು ಬರುವ ಇನ್ನೊಂದು ವಾಸನೆ. ಆ ಎರಡನೆಯದು ಮೂಗಿಗೆ ಬಡಿದರೆ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. “ಇದಕ್ಕೆ ಯಾವ ಕೊಬ್ಬು ಹಾಕ್ತೀರಪ್ಪ? ಡಬ್ಬ ಸ್ವಲ್ಪ ತೋರಿಸ್ತೀರಾ?” ಎಂದು ಕೇಳಿದೆ. ಬೇಕರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೇಡಂ, ಪಫ್ಸ್ ಕಟ್ಲಾ, ಡಬ್ಬ ಕಟ್ಲಾ?” ಎಂದ. ಹಿಂದೆ ನಿಂತಿದ್ದ, ಕೊರಳಲ್ಲಿ ಆಫೀಸಿನ ಗುರುತುಪಟ್ಟಿ ನೇತುಹಾಕಿಕೊಂಡಿದ್ದ ಹುಡುಗರು ನಕ್ಕರು. ಅವರಲ್ಲೊಬ್ಬ ಬಹಳ ಒಳ್ಳೆಯವನು, “ಒಂದು ತಿಂದ್ರೆ ಏನೂ ಆಗಲ್ಲ ಆಂಟಿ” ಎಂದು ಸಮಾಧಾನವನ್ನೂ ಹೇಳಿದ.

ನಾನು ಮಾತಾಡದೆ ಮನೆಗೆ ಬಂದೆ. ಹಾಗೆ ಬಂದವಳಲ್ಲ ನಾನು ಎಂದು ನಿಮಗೆ ಹೇಳಬೇಕು. ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡಿದವಳು, ಗಂಟಲು ಏರಿಸದೆ ಲಾರಿಗಳನ್ನು ಗೇಟಿನಲ್ಲಿ ನಿಲ್ಲಿಸಿದವಳು, ಒಂದು ಪಫ್ಸಿನ ಮುಂದೆ ಬಾಯಿ ಮುಚ್ಚಿಕೊಂಡು ಬಂದೆ. ಕಾರಣ ಬೇಕರಿಯವನಲ್ಲ, ನಿಂಗಪ್ಪ. ಇವತ್ತು ಸಂಜೆ ನಾಲ್ಕಕ್ಕೆ ನಿಂಗಪ್ಪ ಚಹಾಕ್ಕೆ ಬರುತ್ತೇನೆಂದಿದ್ದ. ನಮ್ಮ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡುತ್ತಿದ್ದವನು, ಹುನಗುಂದದ ಕಡೆಯವನು. ಭಾನುವಾರ ಹೆಂಡತಿ ಮಕ್ಕಳ ಜೊತೆ ಊರಿಗೆ ಹೋಗಿ ಅಲ್ಲೇ ನೆಲೆಸುತ್ತಾನೆ, ಮತ್ತೆ ಬೆಂಗಳೂರಿಗೆ ಬರುವವನಲ್ಲ. ಅವನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹನ್ನೊಂದು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು. ಆ ಮಾತಿಗೂ ಆ ವಾಸನೆಗೂ ನಂಟಿದೆ. ಆದ್ದರಿಂದಲೇ ಅಲ್ಲಿ ನನ್ನ ನಾಲಿಗೆ ಕೈಕೊಟ್ಟಿತು.

ನಮ್ಮದು ಪೀಣ್ಯದಲ್ಲಿ ಹುಟ್ಟಿ, ಜಾಗ ಸಾಲದೆ ಮಾಕಳಿಗೆ ಹೋದ ಕಾರ್ಖಾನೆ. ಬೇರೆಯವರು ತಯಾರಿಸಿ ಕಳಿಸಿದ ಬೋಲ್ಟು, ಗೇರುಗಳಿಗೆ ಗಟ್ಟಿತನ ಕೊಡುವುದು ನಮ್ಮ ಕಸುಬು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ದೊಡ್ಡ ತೊಟ್ಟಿಯ ಎಣ್ಣೆಯಲ್ಲಿ ಸೊಂಯ್ ಎಂದು ಮುಳುಗಿಸುತ್ತಾರೆ. ಆ ಎಣ್ಣೆ ಚೆನ್ನಾಗಿದ್ದರೆ ಬೋಲ್ಟು ಚೆನ್ನಾಗಿರುತ್ತದೆ. ಎಣ್ಣೆ ಹಳತಾಗಿ, ಕಪ್ಪಾಗಿ, ಗಸಿ ಕಟ್ಟಿದರೆ ಬೋಲ್ಟು ಮೇಲೆ ನೋಡಲು ಸರಿ, ಒಳಗೆ ಟೊಳ್ಳು. ಪ್ರತಿ ಸೋಮವಾರ ತೊಟ್ಟಿಯಿಂದ ಒಂದಿಷ್ಟು ಎಣ್ಣೆ ತೆಗೆದು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ತಳದಲ್ಲಿ ತೂತಿರುವ ಒಂದು ಬಟ್ಟಲಿಗೆ ಎಣ್ಣೆ ಹುಯ್ದು, ಅದು ಸೋರಿ ಮುಗಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಒತ್ತಿ ನೋಡಬೇಕು. ಒಂದು ಹನಿಯನ್ನು ಹೀರುಕಾಗದದ ಮೇಲೆ ಬಿಟ್ಟು, ಕಲೆ ಹೇಗೆ ಹರಡುತ್ತದೆಂದು ನೋಡಬೇಕು. ಸರಿಯಿದ್ದರೆ ತೊಟ್ಟಿಗೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ. ಕೆಳಗೆ ನನ್ನ ಸಹಿ.

ಆ ಚೀಟಿಗೆ ಒಂದು ಕಟ್ಟಳೆ ಇತ್ತು. ಕಟ್ಟಿದವರೇ ಬಿಚ್ಚಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ನಾನು ಕೆಂಪು ಚೀಟಿ ಕಟ್ಟಿ ತಂಗಿಯ ಬಾಣಂತನಕ್ಕೆಂದು ಎರಡು ದಿನ ರಜೆ ಹೋದರೆ, ಎಣ್ಣೆ ಬದಲಿಸಿದ ಮೇಲೂ ತೊಟ್ಟಿ ಹಾಗೇ ನಿಂತಿತ್ತು. ಮಾಲೀಕರು, ಅವರನ್ನು ನಾವು ದೊಡ್ಡ ಸಾರ್ ಎನ್ನುತ್ತಿದ್ದೆವು, ಚೀಟಿಯ ಹತ್ತಿರ ಹೋಗಿ ಹೋಗಿ ಹಿಂದಕ್ಕೆ ಬರುತ್ತಿದ್ದರಂತೆ. ಇನ್ನು ಆಯುಧಪೂಜೆಯ ದಿನ ಹುಡುಗರು ಕುಲುಮೆಗೆ ಕುಂಬಳಕಾಯಿ ಒಡೆದಾದ ಮೇಲೆ ನನ್ನ ತೂತಿನ ಬಟ್ಟಲಿಗೂ ಕುಂಕುಮ ಹಚ್ಚಿ ಹೂವು ಮುಡಿಸುತ್ತಿದ್ದರು. ಇಷ್ಟೆಲ್ಲ ಆದರೆ ಮನುಷ್ಯರಿಗೆ ಜಂಬ ಬರದೆ ಇರುತ್ತದೆಯೇ, ನೀವೇ ಹೇಳಿ. ನನಗೆ ಬಂದಿತ್ತು. ಲೋಕದಲ್ಲಿರುವ ಎಣ್ಣೆಯೆಲ್ಲ ನನ್ನ ಬಟ್ಟಲಿನ ತೂತಿನಲ್ಲಿ ಹಾದುಹೋಗಬೇಕು ಎಂಬಷ್ಟು.

ಕಾರ್ಖಾನೆಯ ಕ್ಯಾಂಟೀನು ಗಂಗಕ್ಕನದು. ಮಾಕಳಿಯ ಒಕ್ಕಲು ಮನೆತನದವಳು. “ಈ ಶೆಡ್ಡು ನಿಂತಿರೋ ಜಾಗ್ದಲ್ಲೇ ನಮ್ಮಪ್ಪ ರಾಗಿ ಬೆಳೀತಿದ್ದ ಕಣವ್ವ” ಎಂದು ದಿನಕ್ಕೊಂದು ಸಲವಾದರೂ ಹೇಳದೆ ಇರುತ್ತಿರಲಿಲ್ಲ. ಈಗ ಊರೊಳಗೆ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಳು, ನಿಂಗಪ್ಪನ ಸಂಸಾರವೂ ಅದರಲ್ಲೇ ಒಂದು ಕೋಣೆಯಲ್ಲಿತ್ತು. ಕೈತುಂಬ ಬಾಡಿಗೆ ಬಂದರೂ ಕೂತು ತಿನ್ನುವ ಹೆಂಗಸಲ್ಲ. ಸೆರಗು ಸಿಕ್ಕಿಸಿಕೊಂಡು ತಾನೇ ಒಲೆಯ ಮುಂದೆ ನಿಲ್ಲುತ್ತಿದ್ದಳು.

ನಾಲ್ಕು ಗಂಟೆಗೆ ಅವಳ ಕ್ಯಾಂಟೀನಿನಲ್ಲಿ ಮೆಣಸಿನಕಾಯಿ ಬಜ್ಜಿ. ಮೊದಲು ಬೋಂಡ ಮಾಡುತ್ತಿದ್ದಳು, ಆದರೆ ಕುಲುಮೆಯ ಕೆಲಸದವರಲ್ಲಿ ಮುಕ್ಕಾಲು ಪಾಲು ಉತ್ತರ ಕರ್ನಾಟಕದವರು. ನಿಂಗಪ್ಪ ಒಂದು ದಿನ ಅಡಿಗೆಮನೆಗೇ ನುಗ್ಗಿ, ಮೆಣಸಿನಕಾಯಿ ಸೀಳುವುದು, ಒಳಗೆ ಉಪ್ಪು ಓಮಿನಕಾಳು ತುಂಬುವುದು, ಹಿಟ್ಟನ್ನು ಎಷ್ಟು ತೆಳ್ಳಗೆ ಕಲಸುವುದು ಎಂದು ಅವಳಿಗೆ ಕಲಿಸಿಕೊಟ್ಟ. ಅಂದಿನಿಂದ ನಾಲ್ಕು ಗಂಟೆ ಎಂದರೆ ಬಜ್ಜಿ. ಇದನ್ನು ತಿಂಡಿಪೋತರ ಕಥೆ ಎಂದುಕೊಳ್ಳಬೇಡಿ. ಬೆಳಿಗ್ಗೆ ಆರಕ್ಕೆ ಕೋಣೆ ಬಿಟ್ಟು, ಹನ್ನೆರಡಕ್ಕೆ ಉಂಡು, ಮತ್ತೆ ನಾಲ್ಕು ತಾಸು ಕೆಂಡದ ಬಾಯಿಯ ಮುಂದೆ ನಿಂತ ದೇಹಕ್ಕೆ ಅದು ಊಟ. ನಿಂಗಪ್ಪ ನಿಂತುಕೊಂಡೇ ಆರು ತಿನ್ನುತ್ತಿದ್ದ, ಏಳನೆಯದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಳ್ಳುತ್ತಿದ್ದ.

ಒಂದು ದಿನ ನಾನೂ ಬಜ್ಜಿಗೆ ಹೋದಾಗ ಬಾಣಲೆಯ ಹೊಗೆ ಗಂಟಲಿಗೆ ಕಚ್ಚಿತು. ಇಣುಕಿ ನೋಡಿದರೆ ಎಣ್ಣೆ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿದೆ. ಗಂಗಕ್ಕ ನಿನ್ನೆಯ ಎಣ್ಣೆಯ ಮೇಲೆ ಇವತ್ತಿನದನ್ನು, ಇವತ್ತಿನದರ ಮೇಲೆ ನಾಳೆಯದನ್ನು ಹುಯ್ದುಕೊಂಡು ಬಂದಿದ್ದಳು. ಬಾಣಲೆ ಖಾಲಿಯಾದದ್ದನ್ನು ಕಂಡವರೇ ಇರಲಿಲ್ಲ. ನನ್ನ ತೊಟ್ಟಿಯ ಎಣ್ಣೆ ಹೀಗಿದ್ದಿದ್ದರೆ ಎಂದೋ ಕೆಂಪು ಚೀಟಿ ಬೀಳುತ್ತಿತ್ತು! ಬೋಲ್ಟಿಗೆ ಇರುವ ಮರ್ಯಾದೆ ಮನುಷ್ಯರ ಹೊಟ್ಟೆಗೆ ಇಲ್ಲವೇ ಎಂದು ಸಿಟ್ಟು ಬಂತು. ಒಂದು ಸ್ಟೀಲು ಲೋಟ ಕೊಂಡು ತಂದು, ನಮ್ಮ ಫಿಟ್ಟರ ಕೈಯಲ್ಲಿ ತಳಕ್ಕೆ ಅಳತೆಯ ತೂತು ಹಾಕಿಸಿ, ಸೋಮವಾರ ಬಾಣಲೆಯ ಎಣ್ಣೆಗೂ ಪರೀಕ್ಷೆ ಮಾಡಿದೆ. ಹೀರುಕಾಗದದ ಮೇಲೆ ಅದು ಕೀಲೆಣ್ಣೆಗಿಂತ ಕಪ್ಪಗೆ ಕೂತಿತು. ಬಾಣಲೆಯ ಕಿವಿಗೆ ಕೆಂಪು ಚೀಟಿ ಕಟ್ಟಿದೆ.

“ನನ್ ಬಾಣ್ಲೆಗೆ ಚೀಟಿ ಕಟ್ಟೋಕೆ ನೀನ್ಯಾರವ್ವ?” ಎಂದು ಗಂಗಕ್ಕ ಸೌಟು ಹಿಡಿದು ಬಂದಳು. ಆದರೆ ಬಿಚ್ಚಲಿಲ್ಲ, ಕಟ್ಟಳೆ ಅವಳಿಗೂ ಗೊತ್ತಿತ್ತು. ಎರಡು ದಿನ ಬಜ್ಜಿ ಇಲ್ಲ. ಕೆಲಸದವರು ನನ್ನ ಮುಖ ನೋಡುವುದನ್ನೇ ಬಿಟ್ಟರು. “ಅಕ್ಕಾರ, ಬೋಲ್ಟ್ ನೋಡ್ಕೊಂಡ್ ಸುಮ್ನಿರಬಾರ್ದೇನ್ರಿ?” ಎಂದು ನಿಂಗಪ್ಪನೇ ಗೊಣಗಿದ. ಮೂರನೆಯ ದಿನ ಗಂಗಕ್ಕ ನನ್ನನ್ನು ಕರೆಸಿದಳು. ಹಳೆಯ ಎಣ್ಣೆಯನ್ನೆಲ್ಲ ಚೆಲ್ಲಿ, ಬಾಣಲೆ ಉಜ್ಜಿ ತೊಳೆದು, ದೊಡ್ಡ ತಗಡಿನ ಡಬ್ಬವೊಂದನ್ನು ನನ್ನ ಮುಂದೆ ತೆರೆದಳು. ಒಳಗೆ ವನಸ್ಪತಿ, ತುಪ್ಪದ ಬದಲು ಬಳಸುವ ಬಿಳಿಯ ಗಟ್ಟಿ ಎಣ್ಣೆ.

“ನೋಡವ್ವ, ಮಲ್ಲಿಗೆ ಊವಿದ್ದಂಗೈತೆ. ಎಷ್ಟು ಕಾಯಿಸಿದ್ರೂ ಕಪ್ಪಾಗಕಿಲ್ಲ ಅಂದ್ರು ಅಂಗಡಿಯೋರು. ಈಗೇನಂತೀಯ?”

ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ನಾನು ಕಪ್ಪು ಬೇಡವೆಂದಿದ್ದೆ, ಅವಳು ಬಿಳುಪು ತಂದಿದ್ದಳು. ನಾನು ಪರೀಕ್ಷೆ ಮಾಡಿದೆ. ತಣ್ಣಗಾದಾಗ ಅದು ಲೋಟದಲ್ಲೇ ಮೇಣದಂತೆ ಹೆಪ್ಪುಗಟ್ಟಿ ತೂತನ್ನು ಮುಚ್ಚಿತು. ಬೇರೆ ಯಾರಾದರೂ ಆಗಿದ್ದರೆ ಇದೇನಿದು, ಹೊಟ್ಟೆಗೆ ಹೋಗುವ ವಸ್ತು ಹೀಗೆ ಗಟ್ಟಿಯಾಗುತ್ತದಲ್ಲ ಎಂದು ಒಂದು ಗಳಿಗೆ ಯೋಚಿಸುತ್ತಿದ್ದರು. ನಾನು ಅದನ್ನು ಕಾಯಿಸಿ, ನಮ್ಮ ಪದ್ಧತಿಯಂತೆ ಬಿಸಿಯಲ್ಲೇ ಅಳೆದೆ. ಸರಾಗವಾಗಿ ಸೋರಿತು. ಹೀರುಕಾಗದದಲ್ಲಿ ಕಲೆಯೇ ಕಾಣಲಿಲ್ಲ. ಮುಂದಿನ ಸೋಮವಾರವೂ ಕಾಣಲಿಲ್ಲ. ಬಾಣಲೆಯ ಕಿವಿಗೆ ಹಸಿರು ಚೀಟಿ ಕಟ್ಟಿ, ಸಹಿ ಹಾಕಿ, ತಾರೀಖು ಬರೆದೆ. ಹೀಗೆ ಎರಡು ವರ್ಷ, ವಾರಕ್ಕೊಂದು ಹಸಿರು ಚೀಟಿ. ಬಜ್ಜಿ ಮೊದಲಿಗಿಂತ ಗರಿಗರಿಯಾಗಿದೆ ಎಂದು ಎಲ್ಲರೂ ಹೊಗಳಿದರು. ನಾನು ನೆಂಟರ ಮನೆಯಲ್ಲೆಲ್ಲ ಈ ಕಥೆ ಹೇಳಿಕೊಂಡು ಮೆರೆದೆ.

ಕಡೆಗೆ ಒಂದು ದಿನ, ಎಂದಿನಂತೆ ನಿಂಗಪ್ಪ ಬಜ್ಜಿ ತಿಂದು ಕುಲುಮೆಗೆ ಮರಳಿದ್ದ. ಅರ್ಧ ತಾಸಿನ ಮೇಲೆ ನಾನು ಆ ಕಡೆ ಹೋದಾಗ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಮೈಯೆಲ್ಲ ಬೆವರು. ಕುಲುಮೆಯವನು ಬೆವರಿದರೆ ಯಾರು ತಾನೇ ತಿರುಗಿ ನೋಡುತ್ತಾರೆ? ಅಕ್ಕಪಕ್ಕದವರು ಕೆಲಸ ಮಾಡುತ್ತಲೇ ಇದ್ದರು. “ಎದಿ ಹಿಡ್ಕೊಂಡಂಗ ಆಗೇತ್ರಿ ಅಕ್ಕಾರ. ಗ್ಯಾಸ್ ಇರಬೇಕು” ಎಂದ. ಏಳಿಸಲೆಂದು ತೋಳು ಹಿಡಿದೆ. ಬೆವರು ತಣ್ಣಗಿತ್ತು. ಕುಲುಮೆಯ ಮುಂದೆ ತಣ್ಣನೆಯ ಬೆವರನ್ನು ನಾನು ಎಂದೂ ಮುಟ್ಟಿದವಳಲ್ಲ. ಆ ತಣುಪು ಇನ್ನೂ ನನ್ನ ಅಂಗೈಯಲ್ಲಿದೆ ಎಂದರೆ ನಂಬಿ. ಕಂಪನಿಯ ವ್ಯಾನಿಗೆ ಹಾಕಿಕೊಂಡು, ತುಮಕೂರು ರಸ್ತೆಯ ವಾಹನಗಳಿಗೆಲ್ಲ ಕಿಟಕಿಯಿಂದ ಕೈಬೀಸಿ ಬೈಯುತ್ತ ಆಸ್ಪತ್ರೆ ಸೇರಿಸಿದೆವು. ಅವನಿಗಾಗ ಮೂವತ್ತೆಂಟು ವರ್ಷ.

ಬದುಕಿಕೊಂಡ. ಹೃದಯದ ಒಂದು ರಕ್ತನಾಳ ಕಟ್ಟಿತ್ತು, ಅದರೊಳಗೆ ಸ್ಟೆಂಟ್ ಇಟ್ಟರು. ಮರುದಿನ ಬೆಳಿಗ್ಗೆ ಡಾಕ್ಟರು, ನನ್ನ ಮಗಳ ವಯಸ್ಸಿನವರು, ಅವನ ಊಟ ತಿಂಡಿಯ ವಿಷಯ ಕೇಳಿದರು. ಅವನ ಹೆಂಡತಿ ಅಳುತ್ತಿದ್ದಳು, ಆದ್ದರಿಂದ ನಾನೇ ಉತ್ತರ ಕೊಟ್ಟೆ. ಬಜ್ಜಿಯ ಮಾತು ಬಂದಾಗ ಎದೆಯುಬ್ಬಿಸಿ ಹೇಳಿದೆ, “ಕೆಟ್ಟ ಎಣ್ಣೆ ಅಲ್ಲ ಡಾಕ್ಟ್ರೇ. ವನಸ್ಪತಿ. ವಾರವಾದ್ರೂ ಕಪ್ಪಾಗಲ್ಲ. ನಾನೇ ಚೆಕ್ ಮಾಡಿ ಸಹಿ ಹಾಕ್ತೀನಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಮೇಡಂ, ಅದು ಬೇಗ ಕೆಡದೇ ಇರ್ಲಿ ಅಂತಾನೇ ಹಾಗೆ ಮಾಡಿರ್ತಾರೆ. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡ್ತಾರೆ. ಆ ಕೆಲಸ ಅರ್ಧಕ್ಕೆ ನಿಂತಾಗ ಅದರಲ್ಲಿ ಟ್ರಾನ್ಸ್ ಫ್ಯಾಟ್ ಅನ್ನೋದು ಹುಟ್ಟುತ್ತೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತೆ, ಒಳ್ಳೇದನ್ನ ಇಳಿಸುತ್ತೆ. ಎರಡು ಕಡೆಯಿಂದಾನೂ ಹೊಡೆತ. ಅದೊಂದರಿಂದಲೇ ಇವರಿಗೆ ಹೀಗಾಯ್ತು ಅಂತ ನಾನು ಹೇಳಲ್ಲ. ಬೀಡಿ ಸೇದ್ತಾರೆ, ಇವರ ತಂದೆಗೂ ಹೃದಯದ ತೊಂದರೆ ಇತ್ತಂತೆ. ಆದ್ರೆ ದಿನಾ ತಿಂದಿದ್ದಾರಲ್ಲ, ಅದೂ ಸೇರಿದೆ.”

ಹೈಡ್ರೋಜನ್! ನೋಡಿ, ಬೇರೆ ಯಾರಿಗೂ ಆ ಪದ ಕೇಳಿ ಏನೂ ಅನ್ನಿಸದಿದ್ದರೂ ನನಗೆ ಅನ್ನಿಸಬೇಕಿತ್ತು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಕಳ್ಳನಿಲ್ಲ. ಉಕ್ಕಿನೊಳಗೆ ಹೈಡ್ರೋಜನ್ ಹೊಕ್ಕರೆ ಬೋಲ್ಟು ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ, ಥಳಥಳ ಹೊಳೆಯುತ್ತದೆ, ಲಾರಿ ಹತ್ತಿ ಹೋಗುತ್ತದೆ. ಎಷ್ಟೋ ದಿನದ ಮೇಲೆ, ಭಾರ ಹೊತ್ತು ನಿಂತಿರುವಾಗ, ಮುನ್ಸೂಚನೆಯಿಲ್ಲದೆ ಟಪ್ ಎಂದು ಮುರಿಯುತ್ತದೆ. ಇದಕ್ಕೂ ಅದಕ್ಕೂ ರಸಾಯನದಲ್ಲಿ ಸಂಬಂಧವಿಲ್ಲ ಎಂದು ನನಗೆ ಗೊತ್ತು, ಯಾರೂ ತಿದ್ದಲು ಬರಬೇಡಿ. ಆದರೂ ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದನ್ನೇ ನೆನೆದೆ. ಕಪ್ಪಗಿದ್ದುದೆಲ್ಲ ಕೆಟ್ಟದ್ದು, ಬೆಳ್ಳಗಿದ್ದುದೆಲ್ಲ ಒಳ್ಳೆಯದು ಎಂದುಕೊಂಡು ಎರಡು ವರ್ಷ ಸಹಿ ಹಾಕಿದ್ದೆ. ನಾನು ಅಳೆದದ್ದು ಸರಿಯಾಗಿಯೇ ಇತ್ತು. ಅಳೆಯಬೇಕಾದ್ದನ್ನು ಬಿಟ್ಟು ಬೇರೆಯದನ್ನು ಅಳೆದಿದ್ದೆ.

ಗಂಗಕ್ಕನಿಗೆ ಹೇಳಿದಾಗ ಅವಳು ಒಲೆ ಆರಿಸಿ ಕೂತಳು. “ಅಂಗಾದ್ರೆ ನನ್ ಬಾಡ್ಗೆ ಮನೇಲಿರೋ ನಿಂಗಪ್ಪಂಗೆ ನಾನೇ ಇಸ ಆಕ್ದಂಗಾಯ್ತೇನವ್ವ?” ಎಂದಳು. “ನೀನೊಬ್ಬಳೇ ಅಲ್ಲ ಗಂಗಕ್ಕ, ನಾನು ಸಹಿ ಹಾಕಿ ಹಾಕ್ಸಿದೀನಿ” ಎಂದೆ. ಆ ಚೀಟಿಯನ್ನು ನಾನೇ ಬಿಚ್ಚಿದೆ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ದುಃಖ ನನ್ನ ಪಾಡಿಗೆ ಇರುತ್ತಿತ್ತು. ಮುಂದಿನ ವಾರ ಸಿಬ್ಬಂದಿ ವಿಭಾಗದಿಂದ ಕರೆ ಬಂತು. ಅಲ್ಲಿ ಹೊಸದಾಗಿ ಸೇರಿದ್ದ ಅಧಿಕಾರಿ, ಮಾರತ್ತಹಳ್ಳಿಯ ಯಾವುದೋ ದೊಡ್ಡ ಆಫೀಸಿನಿಂದ ಬಂದವನು, ಒಂದು ಕಾಗದ ಮುಂದಿಟ್ಟ. ನಿಂಗಪ್ಪ ಕುಲುಮೆಯ ಕೆಲಸಕ್ಕೆ ಇನ್ನು ಯೋಗ್ಯನಲ್ಲ, ಅವನ ಕಾಯಿಲೆಗೆ ಅವನ ಸ್ವಂತ ಆಹಾರದ ಅಭ್ಯಾಸವೇ ಕಾರಣ, ಆದ್ದರಿಂದ ಕೆಲಸದಿಂದ ಬಿಡುಗಡೆ ಮಾಡಲಾಗಿದೆ ಎಂದಿತ್ತು. ಕೆಳಗೆ ಸಾಕ್ಷಿಯಾಗಿ ನನ್ನ ಸಹಿ ಬೇಕಂತೆ.

“ಇದು ಲೈಫ್‌ಸ್ಟೈಲ್ ಪ್ರಾಬ್ಲಂ ಮೇಡಂ. ದಿನಾ ಆರು ಬಜ್ಜಿ ತಿಂತಿದ್ರಂತೆ. ಸೆಲ್ಫ್ ಕಂಟ್ರೋಲ್ ಇರಬೇಕಲ್ವಾ? ನಾವು ಈಗ ಎಲ್ಲರಿಗೂ ಅವೇರ್ನೆಸ್ ಪ್ರೋಗ್ರಾಂ ಮಾಡ್ತಾ ಇದೀವಿ. ಬಜ್ಜಿ ಸ್ಟಾಪ್, ಬಿಸ್ಕೆಟ್ ಸ್ಟಾರ್ಟ್. ಬೆಳಿಗ್ಗೆ ವಾಕಿಂಗ್ ಮಾಡಿ ಅಂತ ಪೋಸ್ಟರ್ ಹಾಕಿಸ್ತೀವಿ.”

ದಿನವಿಡೀ ಕುಲುಮೆಗೂ ತೊಟ್ಟಿಗೂ ಓಡಾಡುವವನಿಗೆ ಬೆಳಿಗ್ಗೆ ವಾಕಿಂಗ್! ನನ್ನ ನೆತ್ತಿಗೇರಿತು. ಮೇಜಿನ ಮೇಲಿದ್ದ ಬಿಸ್ಕೆಟಿನ ಮಾದರಿ ಪೊಟ್ಟಣ ತೆಗೆದುಕೊಂಡು, ಬೋಲ್ಟಿನ ಬಿರುಕು ನೋಡುವ ನನ್ನ ಭೂತಗನ್ನಡಿಯನ್ನು ಅದರ ಬೆನ್ನಿನ ಸಣ್ಣಕ್ಷರಗಳ ಮೇಲಿಟ್ಟೆ. “ಓದಪ್ಪ” ಎಂದೆ. ಗೋಧಿಹಿಟ್ಟು, ಸಕ್ಕರೆ, ಮೂರನೆಯದು ವನಸ್ಪತಿ. “ವನಸ್ಪತಿ ಬಿಟ್ಟು ವನಸ್ಪತಿ ತಿನ್ನಿ ಅಂತ ಪೋಸ್ಟರ್ ಹಾಕಿಸ್ತೀಯಾ?” ಅವನು ಪೊಟ್ಟಣವನ್ನು ಮೇಜಿನ ಖಾನೆಗೆ ಹಾಕಿದ. ನನ್ನ ಕೋಣೆಗೆ ಹೋಗಿ, ನಾನು ಜೋಪಾನವಾಗಿ ಇಟ್ಟಿದ್ದ ಹಸಿರು ಚೀಟಿಗಳ ಕಟ್ಟು ತಂದು ಅವನ ಕಾಗದದ ಮೇಲೆ ಸುರಿದೆ. “ಸ್ವಂತ ಅಭ್ಯಾಸ ಅಂತ ಬರೆದಿದೀಯಲ್ಲ, ಇಲ್ಲಿ ನೋಡು. ಕಂಪನಿ ಕ್ಯಾಂಟೀನು, ಕಂಪನಿ ಚೀಟಿ, ಕಂಪನಿ ಸಹಿ. ಸರಿಯಿದೆ, ತಿನ್ನಬಹುದು ಅಂತ ಬರ್ಕೊಟ್ಟಿರೋಳು ನಾನು. ಕೆಲಸದಿಂದ ತೆಗೆಯೋದಾದ್ರೆ ನನ್ನನ್ನ ತೆಗಿ.”

ಆಮೇಲೆ ನಾನು ಮಾಡಿದ್ದು ಸರಿಯೋ ತಪ್ಪೋ, ಇವತ್ತೂ ಕೇಳಿದರೆ ಸರಿ ಎಂದೇ ಹೇಳುತ್ತೇನೆ. ಗೇಟಿನಲ್ಲಿ ಲಾರಿ ತುಂಬಿ ನಿಂತಿತ್ತು. ಮಾಲು ಸರಿಯಿದೆ ಎಂಬ ನನ್ನ ಪತ್ರವಿಲ್ಲದೆ ಹೊರಡುವಂತಿಲ್ಲ. “ಎಣ್ಣೆ ಒಳ್ಳೇದೋ ಕೆಟ್ಟದ್ದೋ ಗೊತ್ತಾಗದವಳ ಸಹಿ ಬೋಲ್ಟಿಗೆ ಮಾತ್ರ ಹೇಗೆ ನಡೆಯುತ್ತೆ? ಹಾಕಲ್ಲ” ಎಂದು ಕುರ್ಚಿಯಲ್ಲಿ ಕೂತೆ. ಡ್ರೈವರು ಎರಡು ಸಲ ಹಾರ್ನ್ ಹೊಡೆದ. ಮೂರನೆಯ ಸಲಕ್ಕೆ ದೊಡ್ಡ ಸಾರ್ ಇಳಿದು ಬಂದರು. ಅವರು ಮಾತು ಕಡಿಮೆಯ ಮನುಷ್ಯ. ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿದರು, ಬಿಡುಗಡೆಯ ಕಾಗದ ಓದಿದರು, “ಏನ್ ಬೇಕಮ್ಮ ನಿಮಗೆ?” ಎಂದು ಕೇಳಿದರು.

ನಿಂಗಪ್ಪನಿಗೆ ಕೂತು ಮಾಡುವ ಕೆಲಸ. ಬಜ್ಜಿ ನಿಲ್ಲಕೂಡದು, ಎಣ್ಣೆ ಬದಲಾಗಬೇಕು. ಇಷ್ಟೇ ಎಂದೆ. ಅವರು ಬಿಡುಗಡೆಯ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ನಾನು ಲಾರಿಯ ಪತ್ರಕ್ಕೆ ಸಹಿ ಹಾಕಿದೆ.

ಬಜ್ಜಿಯನ್ನು ಉಳಿಸಿದವಳು ಗಂಗಕ್ಕ. ದೊಡ್ಡ ಬಾಣಲೆಯನ್ನು ಅಟ್ಟಕ್ಕೆ ಹಾಕಿ ಚಿಕ್ಕದೊಂದನ್ನು ತಂದಳು. ಅದರಲ್ಲಿ ಕಡಲೆಕಾಯಿ ಎಣ್ಣೆಯನ್ನು ಆ ದಿನಕ್ಕೆ ಬೇಕಾದಷ್ಟೇ ಹುಯ್ದು, ಕಡೆಯ ಬಜ್ಜಿಯ ಹೊತ್ತಿಗೆ ಎಣ್ಣೆ ತಳ ಕಾಣುವಂತೆ ಲೆಕ್ಕ ಹಿಡಿದಳು. ಒಬ್ಬೊಬ್ಬರಿಗೆ ಎರಡೇ ಬಜ್ಜಿ, ಜೊತೆಗೆ ಒಂದು ಬಟ್ಟಲು ಬೇಯಿಸಿದ ಕಡಲೆಕಾಳು. “ಒಟ್ಟೆ ತುಂಬ್ಬೇಕು ಅಷ್ಟೇ ತಾನೆ? ತುಂಬಿಸ್ತೀನಿ” ಎಂದಳು. ಗೋಡೆಗೆ ಯಾವ ಪೋಸ್ಟರನ್ನೂ ಹಚ್ಚಲು ಬಿಡಲಿಲ್ಲ.

ನಿಂಗಪ್ಪ ಊರಿಗೆ ಹೋಗಿ ಮೂರು ತಿಂಗಳು ಇದ್ದು ಬಂದು, ನನ್ನ ಕೋಣೆಯಲ್ಲೇ ಸ್ಟೂಲಿನ ಮೇಲೆ ಕೂತ. ನಾನು ನಿವೃತ್ತಳಾಗುವವರೆಗೆ ಎಂಟು ವರ್ಷ ಇಬ್ಬರೂ ಒಂದೇ ಮೇಜಿನ ಎರಡು ಬದಿಯಲ್ಲಿ ಬೋಲ್ಟು ನೋಡಿದೆವು. ಅವನಿಗೆ ಗೊತ್ತಿದ್ದದ್ದು ಲಾರಿಯ ಕಥೆ ಮಾತ್ರ. ಹೊಸಬರು ಯಾರೇ ಬರಲಿ, “ನಮ್ಮ ಅಕ್ಕಾರು ನನ್ನ ಸಲುವಾಗಿ ಲಾರಿ ನಿಲ್ಲಿಸ್ಯಾರ” ಎಂದು ಶುರುಮಾಡುತ್ತಿದ್ದ. ಹಸಿರು ಚೀಟಿಯ ವಿಷಯವನ್ನು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಗಂಗಕ್ಕ ನನ್ನ ಮುಖ ನೋಡಿ ಸುಮ್ಮನಿದ್ದಳು, ದೊಡ್ಡ ಸಾರ್ ಹೇಳುವವರಲ್ಲ, ಆ ಅಧಿಕಾರಿ ಬೇರೆ ಕಡೆ ಹೋಗಿದ್ದ. ಮಾಲೀಕರ ಮುಂದೆ ಎದೆ ತಟ್ಟಿಕೊಂಡು ಹೇಳಿದ್ದನ್ನು ಅವನ ಮುಂದೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಅವನು ಆ ಕಥೆ ಹೇಳಿದಾಗಲೆಲ್ಲ ನಾನು ಭೂತಗನ್ನಡಿಗೆ ಕಣ್ಣಿಟ್ಟುಕೊಂಡು ಇಲ್ಲದ ಬಿರುಕು ಹುಡುಕುತ್ತಿದ್ದೆ.

ಹೀಗಿರುವಾಗ ಇವತ್ತು ಬೇಕರಿಯಿಂದ ಬರಿಗೈಲಿ ಬಂದವಳು ಅವನಿಗೆ ಏನು ಕೊಡಲಿ? ನಾನೇ ಒಲೆ ಹಚ್ಚಿದೆ. ಮಾರುಕಟ್ಟೆಯಿಂದ ತಂದಿದ್ದ ಮೆಣಸಿನಕಾಯಿ ಸೀಳಿ, ಓಮಿನಕಾಳು ತುಂಬಿ, ಪುಟ್ಟ ಬಾಣಲೆಯಲ್ಲಿ ಹೊಸ ಎಣ್ಣೆ ಇಟ್ಟೆ. ನಿಂಗಪ್ಪ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಬಂದ. ತಲೆ ನೆರೆತಿದೆ, ಮೈ ಇಳಿದಿದೆ, ಮಾತ್ರೆಯ ಡಬ್ಬಿ ಅಂಗಿಯ ಜೇಬಿನಲ್ಲಿ ಉಬ್ಬಿಕೊಂಡಿದೆ. ತಟ್ಟೆ ಮುಂದಿಟ್ಟರೆ ಎರಡೇ ಎತ್ತಿಕೊಂಡ.

“ಹುನಗುಂದ ಬಸ್‌ಸ್ಟ್ಯಾಂಡ್ ಬಾಜೂಕ ಒಂದು ಅಂಗಡಿ ಇಡಾಂವ ಅದೀನ್ರಿ ಅಕ್ಕಾರ” ಎಂದ. “ಮಿರ್ಚಿ, ಚಾ. ಇಷ್ಟು ದಿನ ಬೆಂಕಿ ಮುಂದ ನಿಂತಾವಗ ಇನ್ನೇನ್ ಬರ್ತೈತ್ರಿ?”

ನಗಬೇಕಾದ ಮಾತು. ನನಗೆ ನಗು ಬರಲಿಲ್ಲ. ಅವನ ಮುಂದಿನ ಕುರ್ಚಿಯಲ್ಲಿ ಕೂತು, ಮುಖ ನೋಡದೆ, ಎಲ್ಲವನ್ನೂ ಹೇಳಿದೆ. ಡಬ್ಬ ತಂದ ದಿನ, ಲೋಟದಲ್ಲಿ ಹೆಪ್ಪುಗಟ್ಟಿದ್ದು, ಎರಡು ವರ್ಷದ ಚೀಟಿ, ಡಾಕ್ಟರು ಹೇಳಿದ್ದು. “ಚೆನ್ನಾಗಿದೆ ತಿನ್ನಿ ಅಂತ ಸಹಿ ಹಾಕಿದ್ದು ನಾನು ಕಣೋ ನಿಂಗಪ್ಪ. ಲಾರಿ ನಿಲ್ಲಿಸಿದ್ದು ದೊಡ್ಡದಲ್ಲ. ಅದಕ್ಕೂ ಮೊದಲು ಮಾಡಿದ್ದು ಇದು” ಎಂದೆ.

ಅವನು ಅಗಿಯುತ್ತಿದ್ದುದನ್ನು ನಿಧಾನವಾಗಿ ನುಂಗಿದ. ನೀರು ಕುಡಿದ. ಸಿಟ್ಟಾಗುತ್ತಾನೆ ಎಂದುಕೊಂಡೆ. ಇಲ್ಲವೇ ಅಳುತ್ತಾನೆ, ಇಲ್ಲವೇ ಹೋಗ್ಲಿ ಬಿಡ್ರಿ ಎಂದು ಕ್ಷಮಿಸುತ್ತಾನೆ. ಮೂರಕ್ಕೂ ತಯಾರಾಗಿದ್ದೆ.

“ಅಕ್ಕಾರ, ನಿಮ್ ಚೀಟಿ ನೋಡಿ ನಾ ತಿಂದಿಲ್ರಿ” ಎಂದ. “ಖರೆ ಹೇಳಬೇಕಂದ್ರ ಬಾಣಲಿಗೆ ಚೀಟಿ ಇತ್ತು ಅನ್ನೂದ ನನಗ ನೆನಪಿಲ್ಲ. ಹಸಿವಾಗಿತ್ತು, ತಿಂದೆ.”

ಹನ್ನೊಂದು ವರ್ಷ ನಾನು ಹೊತ್ತದ್ದು ತಪ್ಪಿನ ಭಾರವೊಂದೇ ಅಲ್ಲ, ಅದರೊಳಗೆ ನನ್ನ ಜಂಬವೂ ಇತ್ತು ಎಂದು ಆಗ ತಿಳಿಯಿತು. ಅವನು ನನ್ನ ಸಹಿಯನ್ನು ನಂಬಿ ತಿಂದ ಎಂದುಕೊಂಡಿದ್ದೆ. ಅವನು ಅದರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ನಾಚಿಕೆಯಾಯಿತು, ಹಗುರವೂ ಆಯಿತು. ಅಷ್ಟರಲ್ಲಿ ಅವನು ಎದ್ದು ನನ್ನ ಒಲೆಯ ಹತ್ತಿರ ಹೋಗಿ, ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಬಗ್ಗಿ ನೋಡುತ್ತಿದ್ದ.

“ಹಸದು ಬಂದಾಂವ ಇದು ಯಾವ ಎಣ್ಣಿ ಅಂತ ಕೇಳಂಗಿಲ್ರಿ ಅಕ್ಕಾರ. ಅವಗ ಕೇಳು ಅನ್ನೂದೂ ತಪ್ಪು. ಮಾಡಾವ್ರು ಕೇಳ್ಕೋಬೇಕು. ಇಲ್ಲಂದ್ರ ನಿಮ್ಮಂಥಾವ್ರು ಕೇಳಬೇಕು. ನನ್ನ ಅಂಗಡಿಗೂ ಬರ್ರಿ, ಕೇಳ್ರಿ.”

ಅವನನ್ನು ಮೆಟ್ರೊವರೆಗೆ ಬಿಡಲು ಹೋದೆ. ಮೆಟ್ಟಿಲ ಬುಡದಲ್ಲಿ ಕಾಲು ಮುಟ್ಟಲು ಬಗ್ಗಿದವನನ್ನು ಗದರಿ ಮೇಲೆಬ್ಬಿಸಿದೆ. ಅವನು ಕಾಣದಾದ ಮೇಲೆ ತಿರುಗಿದರೆ ಎದುರಿಗೇ ಬೇಕರಿ. ಸಂಜೆಯ ಗಿರಾಕಿಗಳು, ಬಿಸಿ ತಟ್ಟೆ, ಅದೇ ವಾಸನೆ. ಈಗ ಕಾನೂನು ಬಂದಿದೆ, ಆ ಕೊಬ್ಬಿಗೆ ಮಿತಿ ಹಾಕಿದ್ದಾರೆ, ಡಬ್ಬದ ಮೇಲೆ ಬರೆದಿರಬೇಕು. ಬರೆದಿದ್ದರೆ ತೋರಿಸಲು ಕಷ್ಟವೇನು? ಸಾಲಿನಲ್ಲಿ ಕಂಪನಿ ಬಸ್ಸಿಳಿದ ಹುಡುಗರಿದ್ದರು, ಗಾರೆ ಮೆತ್ತಿದ ಕಾಲಿನ ಇಬ್ಬರು ಕೆಲಸದವರಿದ್ದರು, ಎಲ್ಲರ ಮುಖದಲ್ಲೂ ಹಸಿವಿತ್ತು. ಅವರಲ್ಲಿ ಯಾರೂ ಕೇಳುವುದಿಲ್ಲ. ನಾನು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು.

“ಮತ್ತೆ ಬಂದ್ರಾ ಮೇಡಂ?” ಎಂದ ಬೇಕರಿಯವನು.

“ಡಬ್ಬ ತೋರಿಸಪ್ಪ” ಎಂದೆ.

“ಓನರ್ ಇಲ್ಲ ಮೇಡಂ. ಹಿಂದೆ ಜನ ಕಾಯ್ತಿದಾರೆ, ಸ್ವಲ್ಪ ಸರೀರಿ.”

“ಕಾಯ್ಲಿ” ಎಂದೆ. “ಅವರಿಗೋಸ್ಕರವೇ ಕೇಳ್ತಿರೋದು.”